ಘಟ್ಟ ಹತ್ತಿ ಇಳಿಯುವ ಕಾರಿಗೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್ ಬದಲಿಸುವುದು ಹೇಗೆ?

ಮಳೆಗಾಲ ಮುಗಿದು ರಸ್ತೆ ಒಣಗುವ ಹೊತ್ತಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಾರವಾರದವರು ಕೇಳುತ್ತಾರೆ, ಶಿರಸಿಯವರು ಕೇಳುತ್ತಾರೆ, ಕುಮಟಾ, ಹೊನ್ನಾವರದವರೂ ಕೇಳುತ್ತಾರೆ. "ಎಂಜಿನ್ ಆಯಿಲ್ ವರ್ಷಾ ವರ್ಷಾ ಬದಲಿಸ್ತೀವಿ. ಗೇರ್‌ಬಾಕ್ಸ್ ಆಯಿಲ್ ಯಾವಾಗ? ಹಿಂದಿನ ಹೌಸಿಂಗ್ (ಡಿಫರೆನ್ಷಿಯಲ್) ಆಯಿಲ್ ಮನೇಲೇ ಬದಲಿಸಬಹುದಾ?" ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಇರುತ್ತದೆ, ಇನ್ನೊಬ್ಬರ ಹತ್ತಿರ ಪೋಲೋ ಜಿಟಿ, ಮತ್ತೊಬ್ಬರ ಹತ್ತಿರ ಮಸ್ಟಾಂಗ್. ಕಾರು ಬೇರೆಯಾದರೂ ಕೆಲಸದ ಕ್ರಮ ಹೆಚ್ಚು ಕಮ್ಮಿ ಒಂದೇ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಆಯಿಲ್‌ಗೆ ಕಿಲೋಮೀಟರ್ ಲೆಕ್ಕ ಆಮೇಲಿನದು. ನೀರು ಮತ್ತು ಘಟ್ಟದ ಲೆಕ್ಕವೇ ಮೊದಲು.

ಯಾಕೆ ಹಾಗೆ?

ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದರೆ ಅಷ್ಟೂ ಎತ್ತರ ಕಳೆದುಕೊಂಡಿರುತ್ತೀರಿ. ಅರಬೈಲ್ ಆಗಲಿ, ಅಣಶಿ ಆಗಲಿ, ಗೇರುಸೊಪ್ಪೆ ಕಡೆಯ ಇಳಿಜಾರಾಗಲಿ, ಕಥೆ ಒಂದೇ. ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಯುವಾಗ ಗೇರಿನ ಹಲ್ಲಿಗೆ ಎದುರು ಮುಖದಿಂದ ಭಾರ ಬೀಳುತ್ತದೆ. ಹತ್ತುವಾಗ ಒಂದು ಮುಖ, ಇಳಿಯುವಾಗ ಇನ್ನೊಂದು ಮುಖ. ಎರಡೂ ಕಡೆ ಉಜ್ಜಾಟ, ಎರಡೂ ಕಡೆ ಬಿಸಿ. ಜಾಸ್ತಿ ಶಕ್ತಿಯ ಕಾರನ್ನು ಜೋರಾಗಿ ಓಡಿಸಿದರೆ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎಡ, ಬಲ ಚಕ್ರಕ್ಕೆ ಹಂಚುವ ಗೇರಿನ ಪೆಟ್ಟಿಗೆ) ಒಳಗಿನ ಆಯಿಲ್ 100 ಡಿಗ್ರಿ ದಾಟುವುದು ಅಪರೂಪವಲ್ಲ.

ಈಗ ನೀರಿನ ವಿಷಯ. ಡಿಫರೆನ್ಷಿಯಲ್ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಗೆ ಹೋಗಲು ಮೇಲೊಂದು ಸಣ್ಣ ದಾರಿ ಇರುತ್ತದೆ. ಇದಕ್ಕೆ ಬ್ರೀದರ್ ಅಂತಾರೆ. ಘಟ್ಟ ಇಳಿದ ಕಾರಿನ ಡಿಫರೆನ್ಷಿಯಲ್ ಕಾದಿರುತ್ತದೆ. ಕೆಳಗೆ ಬಯಲಿಗೆ ಬರುತ್ತಿದ್ದಂತೆ ರಸ್ತೆಯ ಮೇಲೆ ಮೊಣಕಾಲು ಮಟ್ಟ ನೀರು. ಅದರಲ್ಲಿ ಕಾರು ಇಳಿಸಿದಿರಿ ಅಂದುಕೊಳ್ಳಿ. ಕಾದ ಕಬ್ಬಿಣ ಒಮ್ಮೆಲೇ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳುತ್ತದೆ. ಹೊರಗೆ ಇರುವುದು ನೀರು. ಬ್ರೀದರ್‌ನಿಂದ ಬರುತ್ತದೆ, ಸೀಲ್ ಹಳತಾಗಿದ್ದರೆ ಅದರ ಸಂದಿಯಿಂದಲೂ ಬರುತ್ತದೆ. ನೀವು ಒಂದೇ ನಿಮಿಷದಲ್ಲಿ ಆಚೆ ದಾಟಿದರೂ ಸಾಕು.

ಗಜನಿ ಗದ್ದೆಗಳ (ಅಳಿವೆ ಪಕ್ಕದ, ಉಪ್ಪು ನೀರು ನುಗ್ಗುವ ಗದ್ದೆಗಳು) ಪಕ್ಕದ ರಸ್ತೆಯಲ್ಲಿ ಭರತದ (ಸಮುದ್ರದ ಉಬ್ಬರದ) ನೀರು ಬಂದಿದ್ದರೆ ಅದು ಉಪ್ಪು ನೀರು. ಬೇರಿಂಗ್‌ಗೆ ಸಿಹಿ ನೀರಿಗಿಂತ ಅದು ಜಾಸ್ತಿ ಹಾನಿ ಮಾಡುತ್ತದೆ. ಬೀಚ್ ಮರಳಿನ ಮೇಲೆ ಕಾರು ಇಳಿಸಿ ಅಲೆಯಲ್ಲಿ ಓಡಿಸುವವರಿಗೂ ಇದೇ ಮಾತು.

ಹಾಗಾಗಿ ನಾನು ಹೇಳುವುದು ಇಷ್ಟು. ಘಟ್ಟದಲ್ಲಿ ದಿನವೂ ಓಡಾಡುವ ಕಾರಿಗೆ 40,000 ಕಿಲೋಮೀಟರ್ ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ಚಕ್ರದ ನಡುಮಟ್ಟ ಮುಳುಗುವಷ್ಟು ನೀರಿನಲ್ಲಿ ಕಾರು ಹೋಗಿದ್ದರೆ ಲೆಕ್ಕ ನೋಡಬೇಡಿ, ಅದೇ ವಾರ ಆಯಿಲ್ ತೆಗೆದು ನೋಡಿ. ಪ್ರವಾಹದಲ್ಲಿ ನಿಂತ ಕಾರು ಅಂತ ಗೊತ್ತಿದ್ದೇ ಕಮ್ಮಿ ಬೆಲೆಗೆ ಕೊಂಡಿದ್ದರೆ, ಎಂಜಿನ್ ನೋಡುವ ದಿನವೇ ಇದನ್ನೂ ನೋಡಿ.

"ಕಂಪನಿಯವರು ಲೈಫ್‌ಟೈಮ್ ಆಯಿಲ್ ಅಂದಿದ್ದಾರಲ್ವಾ?" ಅಂತ ಕೆಲವರು ಕೇಳುತ್ತಾರೆ. ಇದಕ್ಕೆ ಎರಡು ಸಂಗತಿ ಹೇಳುತ್ತೇನೆ. ಬಿಎಂಡಬ್ಲ್ಯು ತನ್ನ ಎಂ ಹೆಸರಿನ ಜಾಸ್ತಿ ಶಕ್ತಿಯ ಕಾರುಗಳಿಗೆ ಮೊದಲ 2,000 ಕಿಲೋಮೀಟರಿಗೇ ಡಿಫರೆನ್ಷಿಯಲ್ ಆಯಿಲ್ ಬದಲಿಸಲು ಹೇಳುತ್ತದೆ. ಇನ್ನು ಹಲವು ಕಂಪನಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್, 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಗೇರ್‌ಬಾಕ್ಸ್ ಮಾಡಿದವರ ಮಾತನ್ನು ನಂಬುವುದು ಒಳ್ಳೆಯದು.

ನಿಮ್ಮ ಕಾರಿನಲ್ಲಿ ಎಷ್ಟು ಕಡೆ ಆಯಿಲ್ ಇದೆ?

ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ, ಒಳಗಿನ ಚಕ್ರ ಕಮ್ಮಿ ತಿರುಗಲು ಬಿಡುವ ಗೇರುಗಳ ಜೋಡಣೆ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಹೌಸಿಂಗ್ ಅಂತಲೋ ಕ್ರೌನ್ ಅಂತಲೋ ಕರೆಯುತ್ತಾರೆ.

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ (ಪೋಲೋ, ಐ20 ಥರದವು) ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ, ಆಯಿಲ್ ಕೂಡ ಒಂದೇ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಗೇರ್‌ಬಾಕ್ಸ್ ಬೇರೆ, ಹಿಂದಿನ ಡಿಫರೆನ್ಷಿಯಲ್ ಬೇರೆ, ಆಯಿಲ್ ಕೂಡ ಬೇರೆ ಬೇರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಮುಂದೆ, ಹಿಂದೆ ಮತ್ತು ನಡುವಿನ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೂ ಜಾಸ್ತಿ ಜಾಗ ನೋಡಬೇಕು.

ಯಾವ ಆಯಿಲ್?

ಎಡವುವುದು ಹೆಚ್ಚಾಗಿ ಇಲ್ಲೇ. ಗ್ಯಾರೇಜಿಗೆ ಹೋದರೆ ಹುಡುಗ ಕೇಳುತ್ತಾನೆ: "ಅಣ್ಣಾ, ತೊಂಬತ್ತು ನಂಬರ್ ಹಾಕ್ಲಾ?" ಲಾರಿ, ಟ್ರ್ಯಾಕ್ಟರ್‌ಗೆ ಆ ಮಾತು ನಡೆಯುತ್ತದೆ. ನಿಮ್ಮ ಕಾರಿಗೆ ನಂಬರ್ ಒಂದೇ ಸಾಲದು.

ಡಬ್ಬಿಯ ಮೇಲೆ ಎರಡು ವಿಷಯ ಇರುತ್ತವೆ. ಮೊದಲನೆಯದು ದಪ್ಪ: 75ಡಬ್ಲ್ಯು-80, 75ಡಬ್ಲ್ಯು-90, 75ಡಬ್ಲ್ಯು-140 ಹೀಗೆ. ಡಬ್ಲ್ಯು ಜೊತೆಗಿರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಎರಡನೇ ಅಂಕಿ 100 ಡಿಗ್ರಿ ಬಿಸಿಯಲ್ಲಿ ಇರುವ ದಪ್ಪಕ್ಕೆ. ಕರಾವಳಿಯಲ್ಲಿ ಚಳಿಯ ಚಿಂತೆ ಇಲ್ಲ, ನಮಗೆ ಮುಖ್ಯ ಎರಡನೇ ಅಂಕಿ. ಇದನ್ನು ಎಂಜಿನ್ ಆಯಿಲ್ ಅಂಕಿಯ ಜೊತೆ ಹೋಲಿಸಬೇಡಿ, ಎರಡರ ಅಳತೆಗೋಲೇ ಬೇರೆ. 90ರ ಗೇರ್ ಆಯಿಲ್ ಬಿಸಿಯಲ್ಲಿ ಹೆಚ್ಚು ಕಮ್ಮಿ 40 ಅಥವಾ 50ರ ಎಂಜಿನ್ ಆಯಿಲ್‌ನಷ್ಟೇ ದಪ್ಪ.

ಎರಡನೆಯದು ದರ್ಜೆ: ಜಿಎಲ್-4, ಜಿಎಲ್-5. ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಪಿನಿಯನ್ ಅನ್ನುವ ಸಣ್ಣ ಗೇರು ಕ್ರೌನ್ ಅನ್ನುವ ದೊಡ್ಡ ಗೇರಿನ ನಡುಮಧ್ಯಕ್ಕೆ ಸೇರದೆ ಸ್ವಲ್ಪ ಕೆಳಗೆ ಸರಿದು ಸೇರುತ್ತದೆ. ಈ ಜೋಡಣೆಗೆ ಹೈಪಾಯ್ಡ್ ಅಂತ ಹೆಸರು. ಇಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತಲೂ ಇರುತ್ತವೆ. ಆ ಒತ್ತಡಕ್ಕೆ ಬರಿಯ ಎಣ್ಣೆಯ ಪದರ ಹರಿದು ಹೋಗುತ್ತದೆ. ಅದಕ್ಕೇ ಗಂಧಕ, ರಂಜಕದ ಸಂಯುಕ್ತಗಳನ್ನು ಜಾಸ್ತಿ ಸೇರಿಸಿದ ಜಿಎಲ್-5 ಬೇಕು. ಗೇರ್ ಆಯಿಲ್‌ಗೆ ಆ ಘಾಟು ವಾಸನೆ ಬರುವುದೂ ಗಂಧಕದಿಂದಲೇ.

ಹಾಗಂತ ಎಲ್ಲ ಕಡೆಗೂ ಜಿಎಲ್-5 ಹಾಕಬೇಡಿ. ಮ್ಯಾನುಯಲ್ ಗೇರ್‌ಬಾಕ್ಸ್‌ನಲ್ಲಿ ಗೇರ್ ಸಲೀಸಾಗಿ ಬೀಳಲು ಸಿಂಕ್ರೊ ರಿಂಗ್‌ಗಳು ಇರುತ್ತವೆ, ಬಹಳಷ್ಟು ಕಾರುಗಳಲ್ಲಿ ಅವು ಹಿತ್ತಾಳೆಯವು. ಸಿಂಕ್ರೊ ಕೆಲಸ ಮಾಡುವುದೇ ಉಜ್ಜಿ ವೇಗ ಸರಿಹೊಂದಿಸಿ. ಜಿಎಲ್-5 ಅಲ್ಲಿ ಜಾರಿಸಿಬಿಡುತ್ತದೆ, ಗೇರ್ ಬೀಳುವಾಗ ಕಟಕಟ ಅನ್ನುತ್ತದೆ. ಕೆಲವು ಜಿಎಲ್-5 ಆಯಿಲ್‌ಗಳು ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನುತ್ತವೆ ಕೂಡ. ಮುಂದಿನ ಚಕ್ರದ ಕಾರಿನ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಹೈಪಾಯ್ಡ್ ಗೇರು ಇರುವುದಿಲ್ಲ, ಅದಕ್ಕೇ ಅಲ್ಲಿ ಜಿಎಲ್-4 ಸಾಕಾಗುತ್ತದೆ. ಕೈಪಿಡಿಯಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಇನ್ನೊಂದು ಎಚ್ಚರ. ಒಂದು ಚಕ್ರ ಜಾರಿದಾಗ ಶಕ್ತಿಯೆಲ್ಲ ಅದಕ್ಕೇ ಹೋಗದಂತೆ ತಡೆಯುವ ವ್ಯವಸ್ಥೆ ಇದು. ಒಳಗೆ ಕ್ಲಚ್ ಪ್ಲೇಟ್ ಇರುವ ಬಗೆಯಾದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿದ ಆಯಿಲ್ ಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ ಹಿಂದಿನಿಂದ ಗರಗರ ಸದ್ದು, ನಡುಕ. ಬರಿಯ ಗೇರಿನಿಂದಲೇ ಕೆಲಸ ಮಾಡುವ ಟಾರ್ಸನ್ ಬಗೆಗೆ ಇದು ಬೇಕಿಲ್ಲ.

ಸೀಲ್ ಇರುವ ಡಬ್ಬಿಯನ್ನೇ ಕೊಳ್ಳಿ. ಬ್ಯಾರಲ್‌ನಿಂದ ಅಳೆದು ಕೊಡುವುದು ಬೇಡ. ನಮ್ಮೂರಿನ ಅಂಗಡಿಯಲ್ಲಿ ಬೇಕಾದ ದರ್ಜೆ ಸಿಗದಿದ್ದರೆ ಹುಬ್ಬಳ್ಳಿಯಿಂದಲೋ ಮಡಗಾಂವ್‌ನಿಂದಲೋ ತರಿಸಿ, ನಾಲ್ಕು ದಿನ ತಡವಾದರೂ ಪರವಾಗಿಲ್ಲ.

ಏನೇನು ಬೇಕು?

ನಾಲ್ಕು ಜಾಕ್ ಸ್ಟ್ಯಾಂಡ್, ಒಂದು ಟ್ರಾಲಿ ಜಾಕ್. ಪ್ಲಗ್‌ಗೆ ಸರಿಯಾಗಿ ಕೂರುವ ಅಲನ್ ಕೀ ಸಾಕೆಟ್ (ಬಿಎಂಡಬ್ಲ್ಯು ಡಿಫರೆನ್ಷಿಯಲ್‌ಗಳಲ್ಲಿ ಹೆಚ್ಚಿನವಕ್ಕೆ 14 ಮಿಲಿಮೀಟರ್). ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿ ಅಂತ ಅಳೆದು ತೋರಿಸುವ ಪಾನ. ಹೊಸ ತಾಮ್ರ ಅಥವಾ ಅಲ್ಯುಮಿನಿಯಂ ವಾಷರ್, ಕೆಲವು ಕಾರಿಗೆ ವಾಷರ್ ಸಮೇತ ಹೊಸ ಪ್ಲಗ್. ಆಯಿಲ್ ಹೊಡೆಯುವ ಕೈಪಂಪ್, ಹಾರ್ಡ್‌ವೇರ್ ಅಂಗಡಿಯ ಹೊಸ ಪಾರದರ್ಶಕ ಪೈಪ್, ಹಳೆ ಆಯಿಲ್ ಹಿಡಿಯಲು ಅಗಲ ಬಾಯಿಯ ಪಾತ್ರೆ. ಗ್ಲೌಸ್, ಕನ್ನಡಕ.

ಆಯಿಲ್ ಪ್ರಮಾಣ ಕೈಪಿಡಿಯಲ್ಲಿ ಇರುತ್ತದೆ. ಹಿಂದಿನ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಒಂದು ಲೀಟರ್ ಆಸುಪಾಸು, ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ. ಅರ್ಧ ಲೀಟರ್ ಜಾಸ್ತಿ ತಂದಿಟ್ಟುಕೊಳ್ಳಿ.

ಈಗ ಕೆಲಸ

1. ಹಿಂದಿನ ದಿನ ಸಂಜೆ ಪ್ಲಗ್‌ಗಳನ್ನು ಹುಡುಕಿ. ತಂತಿ ಬ್ರಷ್‌ನಿಂದ ಉಜ್ಜಿ, ಅಲನ್ ಕೀ ಕೂರುವ ಗುಳಿಯಲ್ಲಿ ತುಂಬಿದ ಕೆಂಪು ಮಣ್ಣನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಪೂರ್ತಿ ಕೆರೆದು ತೆಗೆಯಿರಿ. ಗುಳಿಯ ತಳದಲ್ಲಿ ಮಣ್ಣು ಉಳಿದರೆ ಕೀ ಅರ್ಧ ಮಾತ್ರ ಕೂರುತ್ತದೆ, ಬಲ ಹಾಕಿದೊಡನೆ ಆರು ಮೂಲೆಯೂ ಸವೆದು ಗುಂಡಗಾಗುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿ ಬಿಡಿ. ಕರಾವಳಿಯ ಉಪ್ಪು ಗಾಳಿಗೆ ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ ಕೂತ ಉಕ್ಕಿನ ಪ್ಲಗ್ ಹಿಡಿದುಕೊಂಡಿರುತ್ತದೆ.

ಯಾವುದು ಪ್ಲಗ್, ಯಾವುದು ಬೇರೆ ಬೋಲ್ಟ್ ಅಂತ ಕೈಪಿಡಿಯ ಚಿತ್ರ ನೋಡಿಯೇ ಖಾತ್ರಿ ಮಾಡಿಕೊಳ್ಳಿ. ಗೇರ್‌ಬಾಕ್ಸ್ ಮೈಮೇಲಿನ ಕೆಲವು ಬೋಲ್ಟ್‌ಗಳು ಒಳಗಿನ ಸ್ಪ್ರಿಂಗ್ ಅಥವಾ ಶಾಫ್ಟ್ ಹಿಡಿದಿರುತ್ತವೆ. ಅವನ್ನು ಬಿಚ್ಚಿದರೆ ಗೇರ್‌ಬಾಕ್ಸ್ ಇಳಿಸುವ ಕೆಲಸ ಬೀಳಬಹುದು. ಎಂಜಿನ್ ಆಯಿಲ್ ಪ್ಲಗ್ ಪಕ್ಕದಲ್ಲೇ ಇರುವ ಕಾರುಗಳೂ ಇವೆ.

2. ಹತ್ತು ಹದಿನೈದು ನಿಮಿಷ ಕಾರು ಓಡಿಸಿ ಬನ್ನಿ. ಉಗುರುಬೆಚ್ಚಗಾದ ಆಯಿಲ್ ಪೂರ್ತಿ ಇಳಿಯುತ್ತದೆ, ತಳದ ಕೆಸರನ್ನೂ ಎಳೆದುಕೊಂಡು ಬರುತ್ತದೆ. ಘಟ್ಟ ಇಳಿದು ಬಂದ ಕೂಡಲೇ ಮಾತ್ರ ಕೆಲಸ ಶುರು ಮಾಡಬೇಡಿ. ಆಯಿಲ್ ಮೈ ಸುಡುತ್ತದೆ, ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಇರುತ್ತದೆ.

3. ಕಾರನ್ನು ನಾಲ್ಕೂ ಕಡೆ ಒಂದೇ ಮಟ್ಟಕ್ಕೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ನಮ್ಮ ಅಂಗಳಗಳಲ್ಲಿ ಗಟ್ಟಿ ಕಾಂಕ್ರೀಟ್ ನೆಲ ಇಲ್ಲದಿದ್ದರೆ ಸ್ಟ್ಯಾಂಡ್ ಮಣ್ಣಿಗೆ ಇಳಿಯುತ್ತದೆ. ಅಡಿಗೆ ದಪ್ಪ ಹಲಗೆ ಕೊಡಿ. ಚಿರೇಕಲ್ಲು, ಸಿಮೆಂಟ್ ಬ್ಲಾಕ್ ಕೊಟ್ಟು ಕಾರು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಇದೆ. ದಯವಿಟ್ಟು ಬೇಡ. ಗೋಡೆಯಲ್ಲಿ ಎಷ್ಟೇ ಭಾರ ಹೊತ್ತರೂ ಸ್ಟ್ಯಾಂಡ್ ಥರ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಅವು ಮುನ್ಸೂಚನೆ ಇಲ್ಲದೆ ಸೀಳುತ್ತವೆ, ಮತ್ತು ಕೆಳಗೆ ಮಲಗಿರುವುದು ನೀವು. ಬರಿಯ ಜಾಕ್ ನಂಬಿ ಕೆಳಗೆ ಹೋಗುವುದೂ ಬೇಡ. ಸ್ಟ್ಯಾಂಡ್ ಮೇಲೆ ಕೂತ ಕಾರನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ, ಅಲುಗಿದರೆ ಇಳಿಸಿ ಮತ್ತೆ ಕೂರಿಸಿ. ಲಾರಿ ಗ್ಯಾರೇಜಿನ ಪಿಟ್ ಒಂದು ಬೆಳಿಗ್ಗೆಗೆ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಮಟ್ಟ ಯಾಕೆ ಅಷ್ಟು ಮುಖ್ಯ ಅಂದರೆ, ಆಯಿಲ್ ಅಳೆಯುವುದೇ ತುಂಬುವ ತೂತಿನ ಅಂಚಿನಿಂದ. ಮುಂದೆ ಮಾತ್ರ ಎತ್ತಿದ ಕಾರಿನಲ್ಲಿ ಅಳತೆ ಸುಳ್ಳಾಗುತ್ತದೆ. ಗಾರೆ ಕೆಲಸದವರ ನೀರಿನ ಲೆವೆಲ್ ಪೈಪ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಹಿಂದೆ ಮುಂದೆ ಒಂದು ಗುರುತು ಮಾಡಿ, ಪೈಪಿನ ಎರಡು ತುದಿ ಹಿಡಿದು ನೀರಿನ ಮಟ್ಟ ನೋಡಿ. ನೆಲದ ಮೇಲೆ ನಿಂತಾಗ ಎಷ್ಟು ವ್ಯತ್ಯಾಸ ಇತ್ತೋ ಎತ್ತಿದ ಮೇಲೂ ಅಷ್ಟೇ ಇರಬೇಕು.

4. ಮೊದಲು ತುಂಬುವ ಪ್ಲಗ್ ಬಿಚ್ಚಿ. ಇದೊಂದು ನಿಯಮ ಎಂದೂ ಬಿಡಬೇಡಿ. ಕೆಳಗಿನ ಪ್ಲಗ್ ತೆಗೆದು ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನ ಪ್ಲಗ್ ಬಿಚ್ಚಲು ಬರದಿದ್ದರೆ ಏನು ಮಾಡುತ್ತೀರಿ? ಹೊಸ ಆಯಿಲ್ ತುಂಬಲು ದಾರಿ ಇಲ್ಲ, ಖಾಲಿ ಗೇರ್‌ಬಾಕ್ಸ್‌ನಲ್ಲಿ ಗ್ಯಾರೇಜಿಗೆ ಓಡಿಸುವಂತೆಯೂ ಇಲ್ಲ. ತುಂಬುವ ಪ್ಲಗ್ ಬರಲೇ ಇಲ್ಲ ಅಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಹಳೆ ಆಯಿಲ್ ಇರುವಾಗಲೇ ಗ್ಯಾರೇಜಿಗೆ ಹೋಗಿ.

5. ಈಗ ಕೆಳಗಿನ ಪ್ಲಗ್ ಬಿಚ್ಚಿ, ಹನಿ ನಿಲ್ಲುವವರೆಗೆ ಬಿಡಿ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಕೆಲವು ಕಾರುಗಳಿಗೆ, ಅದರಲ್ಲೂ ಹಲವು ಬಿಎಂಡಬ್ಲ್ಯು ಡಿಫರೆನ್ಷಿಯಲ್‌ಗಳಿಗೆ, ಕೆಳಗಿನ ಪ್ಲಗ್ ಇರುವುದೇ ಇಲ್ಲ. ಅಲ್ಲಿ ತುಂಬುವ ತೂತಿನಿಂದ ಪೈಪ್ ಇಳಿಸಿ ಪಂಪ್‌ನಿಂದ ಎಳೆಯಬೇಕು. ಪೈಪಿನ ತುದಿ ತಳ ಮುಟ್ಟಬೇಕು, ಆಚೀಚೆ ಸರಿಸುತ್ತ ಎಳೆಯಿರಿ.

6. ಬಂದ ಆಯಿಲ್ ನೋಡಿ. ಈ ಹಂತಕ್ಕೆ ಸಮಯ ಕೊಡಿ, ಗೇರ್‌ಬಾಕ್ಸ್ ಒಳಗೆ ಏನಾಗುತ್ತಿದೆ ಅಂತ ಬಿಚ್ಚದೆ ಗೊತ್ತಾಗುವುದು ಇಲ್ಲೊಂದೇ ಕಡೆ. ಬಿಳಿ ಪಾತ್ರೆಯಲ್ಲಿ ಸ್ವಲ್ಪ ತೆಗೆದುಕೊಂಡು ಹಗಲು ಬೆಳಕಿನಲ್ಲಿ ಹಿಡಿಯಿರಿ. ಕಪ್ಪಾಗಿದ್ದರೂ ತಿಳಿಯಾಗಿದ್ದರೆ ಬರಿಯ ಹಳತು. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಸುಟ್ಟ ವಾಸನೆ ಇದ್ದರೆ ಜಾಸ್ತಿ ಕಾದಿದೆ.

ಪ್ಲಗ್ ತುದಿಯಲ್ಲಿ ಬಹಳಷ್ಟು ಕಾರುಗಳಿಗೆ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಕೂತ ಬೂದು ಬಣ್ಣದ ಪುಡಿಯನ್ನು ಬೆರಳಿನಿಂದ ತೆಗೆದು ಎರಡು ಬೆರಳ ನಡುವೆ ಉಜ್ಜಿ. ನುಣ್ಣಗೆ ಸವರಿ ಹೋದರೆ ಅದು ಸಹಜ ಸವೆತ, ಹೆದರಬೇಡಿ. ಉಗುರಿಗೆ ಸಿಗುವ ಚೂರು, ಚೂಪಾದ ತುಂಡು, ಹಲ್ಲಿನ ಮೂಲೆ ಥರದ್ದು ಸಿಕ್ಕರೆ ಹೊಸ ಆಯಿಲ್ ಹಾಕಿ ಮರೆಯುವ ವಿಷಯ ಅಲ್ಲ. ಬೇರಿಂಗ್ ಅಥವಾ ಗೇರು ಒಡೆದಿದೆ, ಬಿಚ್ಚಿಸಿ ನೋಡಬೇಕು. ಅಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಆಯಿಲ್‌ನಲ್ಲಿ ತೇಲುತ್ತಿದ್ದರೆ ಅದು ಹಿತ್ತಾಳೆ, ಸಿಂಕ್ರೊ ಸವೆಯುತ್ತಿದೆ.

ನೀರು ಸೇರಿದ್ದರೆ ಒಂದು ಸಲ ಬದಲಿಸಿದರೆ ಸಾಲದು. ಅದೇ ದರ್ಜೆಯ ಕಮ್ಮಿ ಬೆಲೆಯ ಆಯಿಲ್ ತುಂಬಿ, ನಿಧಾನವಾಗಿ ಒಂದಿಷ್ಟು ಕಿಲೋಮೀಟರ್ ಓಡಿಸಿ, ಅದನ್ನೂ ತೆಗೆದು, ಆಮೇಲೆ ಒಳ್ಳೆಯ ಆಯಿಲ್ ಹಾಕಿ. ಎರಡನೇ ಸಲವೂ ಬಣ್ಣ ಬಂದರೆ ಮತ್ತೊಮ್ಮೆ ಮಾಡಿ. ಹಾಗೆಯೇ ನೀರು ಎಲ್ಲಿಂದ ಬಂತು ಅಂತ ಬ್ರೀದರ್ ಮತ್ತು ಎರಡೂ ಬದಿಯ ಆಕ್ಸಲ್ ಸೀಲ್ ನೋಡಿ.

7. ಪ್ಲಗ್ ಒರೆಸಿ, ಹೊಸ ವಾಷರ್ ಹಾಕಿ, ಮೊದಲು ಬೆರಳಿನಿಂದಲೇ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ಹೋದ ಮೇಲೆ ಮಾತ್ರ ಪಾನ ಹಚ್ಚಿ. ಅಲ್ಯುಮಿನಿಯಂ ಥ್ರೆಡ್ ಒಮ್ಮೆ ಹೋದರೆ ದೊಡ್ಡ ಖರ್ಚು. ಹೆಚ್ಚಿನ ಕಾರುಗಳಲ್ಲಿ ಬಿಗಿ 30ರಿಂದ 60 ನ್ಯೂಟನ್ ಮೀಟರ್ ಒಳಗೇ ಇರುತ್ತದೆ, ನಿಮ್ಮ ಕಾರಿನ ಖಚಿತ ಅಂಕಿ ಕೈಪಿಡಿಯಲ್ಲಿ ನೋಡಿ. "ಸೋರದಿರಲಿ" ಅಂತ ಉದ್ದದ ಪೈಪ್ ಹಾಕಿ ಎಳೆಯುವುದು ಬೇಡ. ಸೋರದಂತೆ ತಡೆಯುವುದು ಹೊಸ ವಾಷರ್.

8. ತುಂಬುವ ತೂತಿನಿಂದ ಪಂಪ್ ಮಾಡಿ. ಗೇರ್‌ಬಾಕ್ಸ್ ತೂತು ಬಾನೆಟ್ ಕಡೆಯಿಂದ ಕಂಡರೆ ಮೇಲಿನಿಂದ ಪೈಪ್ ಇಳಿಸಿ ಆಲಿಕೆಯಿಂದ ಸುರಿಯಬಹುದು. ಅವಸರ ಬೇಡ, ದಪ್ಪ ಆಯಿಲ್ ಒಳಗೆ ಹರಡಲು ಹೊತ್ತು ಬೇಕು. ತೂತಿನ ಅಂಚಿನಿಂದ ಹೊರಗೆ ಹರಿಯತೊಡಗಿದಾಗ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಸ್ವಲ್ಪ ಹಾಕಿ. ಕೆಲವು ಕಾರುಗಳಲ್ಲಿ ಅಂಚಿಗಿಂತ ಇಷ್ಟು ಮಿಲಿಮೀಟರ್ ಕೆಳಗೆ ಅಂತ ಹೇಳಿರುತ್ತಾರೆ, ಅದನ್ನು ಪಾಲಿಸಿ. ಜಾಸ್ತಿಯಾದರೆ ನೊರೆ ಬಂದು ಬ್ರೀದರ್‌ನಿಂದ, ಸೀಲ್‌ನಿಂದ ಹೊರಗೆ ಬರುತ್ತದೆ. ಕಮ್ಮಿಯಾದರೆ ಘಟ್ಟ ಹತ್ತುವಾಗ ಆಯಿಲ್ ಹಿಂದಕ್ಕೆ ಸರಿದು ಮುಂದಿನ ಪಿನಿಯನ್ ಬೇರಿಂಗ್ ಒಣಗುತ್ತದೆ.

9. ತುಂಬುವ ಪ್ಲಗ್ ಬಿಗಿದು, ಸುತ್ತಲೂ ಒರೆಸಿ, ಕಾರು ಇಳಿಸಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಎರಡೂ ಪ್ಲಗ್ ಕೆಳಗೆ ಬಿಳಿ ಕಾಗದ ಹಿಡಿದು ನೋಡಿ. ಕ್ಲಚ್ ಪ್ಲೇಟ್ ಬಗೆಯ ಲಿಮಿಟೆಡ್ ಸ್ಲಿಪ್ ಇದ್ದರೆ ಖಾಲಿ ಮೈದಾನದಲ್ಲಿ ನಿಧಾನವಾಗಿ 8 ಅಂಕಿಯ ಆಕಾರದಲ್ಲಿ ಕೆಲವು ಸುತ್ತು ಹಾಕಿ. ಹೊಸ ಆಯಿಲ್ ಪ್ಲೇಟ್‌ಗಳ ನಡುವೆ ಸೇರಬೇಕು.

ಆಟೊಮ್ಯಾಟಿಕ್ ಇದ್ದವರು

ಮೇಲಿನದು ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ಗೆ. ಆಟೊಮ್ಯಾಟಿಕ್, ಡಿಎಸ್‌ಜಿ (ಫೋಕ್ಸ್‌ವ್ಯಾಗನ್ ಬಳಗದ ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್‌ಗಳಿಗೆ ಹಾಕುವ ದ್ರವವೇ ಬೇರೆ. ಬಹಳಷ್ಟರಲ್ಲಿ ಎಂಜಿನ್ ಚಾಲೂ ಇಟ್ಟು, ದ್ರವದ ಉಷ್ಣಾಂಶ ಹೇಳಿದ ಮಿತಿಯಲ್ಲಿ ಇರುವಾಗ ಮಟ್ಟ ನೋಡಬೇಕು. ಆ ಉಷ್ಣಾಂಶ ಓದಲು ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇಲ್ಲದೆ ಅಂದಾಜಿನಲ್ಲಿ ಮಾಡಬೇಡಿ, ಅದು ಇರುವ ಗ್ಯಾರೇಜಿಗೇ ಕೊಡಿ. ಆರು ಗೇರಿನ, ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಡಿಎಸ್‌ಜಿಗೆ 60,000 ಕಿಲೋಮೀಟರಿಗೆ ಆಯಿಲ್ ಜೊತೆ ಫಿಲ್ಟರ್ ಕೂಡ ಬದಲಿಸಬೇಕು. ಹಿಂದಿನ ಡಿಫರೆನ್ಷಿಯಲ್ ಪ್ರತ್ಯೇಕ ಇರುವ ಆಟೊಮ್ಯಾಟಿಕ್ ಕಾರಾದರೆ ಅದರ ಕೆಲಸ ಮಾತ್ರ ಮೇಲಿನ ಕ್ರಮದಲ್ಲೇ ಮನೆಯಲ್ಲಿ ಮಾಡಿಕೊಳ್ಳಬಹುದು.

ಹಳೆ ಆಯಿಲ್ ಮತ್ತು ಬ್ರೀದರ್

ಹಳೆ ಆಯಿಲ್ ಅನ್ನು ಬೇಲಿ ಕಂಬಕ್ಕೆ, ಕೊಟ್ಟಿಗೆಯ ಮರಕ್ಕೆ ಒರಲೆ ಹಿಡಿಯದಿರಲಿ ಅಂತ ಬಳಿಯುವವರಿದ್ದಾರೆ. ಬಾವಿ, ತೋಟದ ಕಾಲುವೆ ಹತ್ತಿರ ಇದ್ದರೆ ಮಳೆಗೆ ಅದು ತೊಳೆದು ನೀರಿಗೇ ಸೇರುತ್ತದೆ. ಚರಂಡಿಗೆ ಸುರಿದರೆ ಅಘನಾಶಿನಿಗೋ ಕಾಳಿಗೋ ಹೋಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬೆಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಮನೆಗಳಿವೆ, ಆ ಎಣ್ಣೆ ಅವರ ಊಟಕ್ಕೆ ಬೀಳುತ್ತದೆ. ಬಳಸಿದ ಆಯಿಲ್ ನಮ್ಮ ದೇಶದ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಖಾಲಿಯಾದ ಹೊಸ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿದು, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ನೀರು ಸೇರಿದ ಆಯಿಲ್ ಆದರೆ ಡಬ್ಬಿಯ ಮೇಲೆ ಹಾಗಂತ ಬರೆದು ಕೊಡಿ.

ಕಾರು ಸ್ಟ್ಯಾಂಡ್ ಮೇಲೆ ಇರುವಾಗಲೇ ಬ್ರೀದರ್ ಬಿಚ್ಚಿ ನೋಡಿಬಿಡಿ. ಮಣ್ಣು ಕಟ್ಟಿ ಮುಚ್ಚಿದ್ದರೆ ಒಳಗಿನ ಒತ್ತಡ ಸೀಲ್ ಮೇಲೆ ಬೀಳುತ್ತದೆ, ಆಯಿಲ್ ಸೋರುತ್ತದೆ. ಪೆಟ್ರೋಲ್‌ನಲ್ಲಿ ತೊಳೆದು, ಊದಿದಾಗ ಗಾಳಿ ಸಲೀಸಾಗಿ ಹೋಗುತ್ತದೆಯಾ ಅಂತ ನೋಡಿ. ಬರಿಯ ಮುಚ್ಚಳದ ಬದಲು ಪೈಪ್ ಹಾಕಲು ಬರುವ ಬ್ರೀದರ್ ಆದರೆ, ಎಣ್ಣೆಗೆ ತಡೆಯುವ ರಬ್ಬರ್ ಪೈಪ್ ಸಿಕ್ಕಿಸಿ ಡಿಕ್ಕಿಯ ತಳದ ಎತ್ತರದವರೆಗೆ ಒಯ್ದು, ತುದಿ ಕೆಳಮುಖವಾಗಿ ಬಾಗಿಸಿ ಕಟ್ಟಿ. ಸೈಲೆನ್ಸರ್‌ಗೆ ತಾಗದಿರಲಿ, ಎಲ್ಲೂ ಮಡಿಚದಿರಲಿ. ಜೂನ್ ಮೊದಲ ಮಳೆಗೆ ಮುಂಚೆ ಈ ಕೆಲಸ ಆಗಿರಬೇಕು.